ಒಗ್ಗಾಣಿಯ ಬಲಗಿವಿ

ನಾಯಿಯೊಂದು ತಲೆ ವಾರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತತೊಡಗಿದರೆ ಮೊದಲು ಅದರ ಕಿವಿಯನ್ನು ನೋಡಬೇಕು. ಇದಕ್ಕೆ ಪಾಂಡಿತ್ಯ ಬೇಡ. ಕಣ್ಣು ಮತ್ತು ಮೂಗು ಸಾಕು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಓಣಿಯಲ್ಲಿ ಈ ಎರಡೂ ಅಂಗಗಳುಳ್ಳ ಜನರಿಗೆ ಕೊರತೆಯಿರಲಿಲ್ಲ. ಪದವೀಧರರಿದ್ದರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದರು, ಮಕ್ಕಳಿಗೆ ಪಾಠ ಹೇಳಿದವರಿದ್ದರು. ಅವರೆಲ್ಲರೂ ಕೂಡಿ, ಕಳೆದ ಕಾರ್ತಿಕ ಮಾಸದಲ್ಲಿ, ಒಂದು ನಾಯಿಯ ಕಿವಿಯನ್ನು ಬಿಟ್ಟು ಪಾದವನ್ನು ನೋಡಿದರು, ನೋಡಿ ಕೈಮುಗಿದರು.

ನಾಯಿ ಪಂಪಾವತಿಯದು. ಪಂಪಾವತಿ ಮನೆಯಲ್ಲಿಯೇ ಹೊಲಿಗೆ ಯಂತ್ರವಿಟ್ಟುಕೊಂಡು ಜೀನ್ಸ್ ಕಾರ್ಖಾನೆಗಳಿಗೆ ಪ್ಯಾಂಟಿನ ಜೇಬು ಹೊಲಿದುಕೊಡುವ ಹೆಂಗಸು. ಗಂಡ ಹುಲುಗೇಶ ಆಟೋ ಓಡಿಸುತ್ತಾನೆ. ಅರಿಸಿನ ಬಣ್ಣದ ಮೈಮೇಲೆ ಸಾಸಿವೆ ಸಿಡಿದಂತೆ ಕರಿಚುಕ್ಕೆಗಳಿದ್ದುದರಿಂದ ಮರಿಯಾಗಿದ್ದಾಗಲೇ ಅದಕ್ಕೆ ಒಗ್ಗಾಣಿ ಎಂದು ಹೆಸರಾಯಿತು. ಬೆಳಗಾದರೆ ಒಗ್ಗರಣೆಯ ಮಂಡಕ್ಕಿ ತಿನ್ನದೆ ಮಾತು ಹೊರಡದ ಊರಿನಲ್ಲಿ ಅದು ಪ್ರೀತಿಯ ಹೆಸರೇ. ಯಂತ್ರದ ಪೆಡಲಿನ ಪಕ್ಕದಲ್ಲಿ ಬೀಳುವ ನೀಲಿ ಚಿಂದಿಗಳ ರಾಶಿಯೇ ಅದರ ಹಾಸಿಗೆ.

ದೀಪಾವಳಿಗೆ ಮುಂಚೆಯೇ ಒಗ್ಗಾಣಿ ಬಲಗಿವಿಯನ್ನು ಕೆರೆದುಕೊಳ್ಳತೊಡಗಿತ್ತು. ತಲೆಯನ್ನು ಪಟಪಟನೆ ಕೊಡವುತ್ತಿತ್ತು. ಆಮೇಲೆ ತಲೆಯೇ ಬಲಕ್ಕೆ ವಾಲಿತು.

“ಏನೋ ವಾಸನಿ ಬರಾಕತ್ತೈತಿ ನೋಡ್ರಿ ಇದರ ತೆಲಿಯಿಂದ,” ಎಂದಳು ಪಂಪಾವತಿ.

“ನಾಯಿ ತೆಲಿಯಿಂದ ಮಲ್ಲಿಗಿ ವಾಸನಿ ಬರತೈತೇನು? ಮೋರ್‍ಯಾಗ ಹೊಳ್ಳಾಡಿ ಬಂದೈತಿ, ಬಿಡು,” ಎಂದ ಹುಲುಗೇಶ.

ಪಂಪಾವತಿ ಬಿಟ್ಟಳು. ಆ ಹೊತ್ತಿಗೆ ಕಿವಿಯನ್ನು ಮಗುಚಿ ನೋಡಿದ್ದರೆ ಸಣ್ಣದೊಂದು ಸೀಸೆಯ ಹನಿ ಔಷಧದಲ್ಲಿ ಮುಗಿಯುತ್ತಿದ್ದ ಸಂಗತಿಯಿದು. ಬಾಯಿಲ್ಲದ ಜೀವವನ್ನು ಮನೆಯೊಳಗೆ ಕರೆದುಕೊಂಡವರು ಅದರ ಬಾಯಿಯ ಕೆಲಸವನ್ನು ತಾವು ಮಾಡತಕ್ಕದ್ದು. ಆ ಮನೆಯಲ್ಲಿ ಅದು ನಡೆಯಲಿಲ್ಲ. ಓಣಿಯಲ್ಲಂತೂ ನಡೆದದ್ದೇ ಬೇರೆ.

ಓಣಿಯ ಕೊನೆಯಲ್ಲಿ ನಾಗರಕಲ್ಲುಗಳಿರುವ ಅರಳಿಕಟ್ಟೆಯಿದೆ. ಕಾರ್ತಿಕದ ಒಂದು ಬೆಳಿಗ್ಗೆ ಒಗ್ಗಾಣಿ ಅಲ್ಲಿಗೆ ಹೋಗಿ, ವಾಲಿದ ತಲೆಯ ಕಡೆಗೇ ಕಾಲು ಎಳೆಯುತ್ತ ಕಟ್ಟೆಯನ್ನು ಸುತ್ತತೊಡಗಿತು. ಅದನ್ನು ಮೊದಲು ಕಂಡವರು ನಿವೃತ್ತ ಗಣಿತದ ಮೇಷ್ಟ್ರೂ ಕಟ್ಟೆಯ ಸೇವಾ ಸಮಿತಿಯ ಅಧ್ಯಕ್ಷರೂ ಆದ ತಿಪ್ಪೇಸ್ವಾಮಿಯವರು.

“ಏ, ನಿಂದರ್ರಿ ಎಲ್ಲಾರೂ!” ಎಂದು ಅವರು ಕೈಯೆತ್ತಿದರು. “ಕಟ್ಟಿ ಬಲಕ್ಕ ಬಿಟ್ಟುಕೊಂಡು ಸುತ್ತಾಕತ್ತೈತಿ! ಒಂದು ಸುತ್ತಾದ್ರೂ ಎಡಕ್ಕ ಹೋತೇನು? ತ್ರಿಜ್ಯ ಸೈತ ಕೆಟ್ಟಿಲ್ಲ!”

“ಹಿಂದಿನ ಜಲಮದಾಗ ಯಾವುದೋ ಹರಕಿ ಬಾಕಿ ಇಟ್ಟು ಸತ್ತೈತಿ, ಪಾಪ,” ಎಂದು ಹೂ ಮಾರುವ ಗಾದೆಮ್ಮ ಕಣ್ಣೊರೆಸಿಕೊಂಡಳು.

“ಹರಕಿ ಅಲ್ಲಬೇ, ಇದು ಪ್ರದಕ್ಷಿಣಿ! ನಮಗ ಬುದ್ಧಿ ಕಲಿಸಾಕ ಬಂದೈತಿ!” ಎಂದರು ಮೇಷ್ಟ್ರು.

ಬುದ್ಧಿ ಕಲಿಯುವ ಅಗತ್ಯವಿತ್ತೆಂಬುದರಲ್ಲಿ ಅವರ ಮಾತು ಸತ್ಯವೇ. ಆದರೆ ಕಲಿತದ್ದು ಮಾತ್ರ ವಿಪರೀತ. ಮರುದಿನ ನಾಯಿಯ ಹಿಂದೆ ತಿಪ್ಪೇಸ್ವಾಮಿಯವರು ಸುತ್ತಿದರು. ಅವರ ಹಿಂದೆ ಅವರ ಹೆಂಡತಿ, ಆಕೆಯ ಹಿಂದೆ ಓಣಿ. ವಾರ ಕಳೆಯುವುದರೊಳಗೆ ನಿಯಮಗಳು ಹುಟ್ಟಿದವು. ನಾಯಿಯನ್ನು ದಾಟಿ ಮುಂದೆ ಹೋಗಬಾರದು. ನಾಯಿ ನಿಂತರೆ ನಿಲ್ಲಬೇಕು. ನಾಯಿ ನೋವು ತಾಳದೆ ಕೂತು ಕಿವಿ ಕೆರೆದುಕೊಂಡರೆ ಭಕ್ತರೂ ಅಲ್ಲಲ್ಲೇ ಕೂತು ತಮ್ಮ ಬಲಗಿವಿಯನ್ನು ಕೆರೆದುಕೊಳ್ಳಬೇಕು; ಇದಕ್ಕೆ ಕರ್ಣಸೇವೆ ಎಂದು ಹೆಸರಾಯಿತು. ವಿಜ್ಞಾನದ ಪದವಿ ಪಡೆದ ಗೃಹಸ್ಥರೊಬ್ಬರು ಸಾಲಿನಲ್ಲಿ ಕೂತು ಗಂಭೀರವಾಗಿ ಕಿವಿ ಕೆರೆದುಕೊಳ್ಳುವುದನ್ನು ಕಂಡವರಿಗೆ ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ. ಹೊಸಬರು ಎಡಗಿವಿ ಕೆರೆದರೆ ಗದರಿಕೆ ಮಾತ್ರ ಬೀಳುತ್ತಿತ್ತು.

ನಾಯಿಯ ಹೆಸರು ಒಗ್ಗಾಣಿಸ್ವಾಮಿ ಎಂದಾಯಿತು. ಸಿರುಗುಪ್ಪದಿಂದ ಬಸ್ಸು ಹತ್ತಿ ಜನ ಬಂದರು; ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನ ಟ್ರಾಲಿ ತುಂಬಿ ಬಂದರು. ದವಡೆ ತೆರೆದರೆ ಕಿವಿ ನೋಯುವುದರಿಂದ ಒಗ್ಗಾಣಿ ತಿನ್ನುವುದನ್ನು ಬಿಟ್ಟಿತು. “ಸ್ವಾಮಿಯವರು ಉಪವಾಸ ಹಿಡಿದಾರ” ಎಂದು ತಿಪ್ಪೇಸ್ವಾಮಿಯವರು ಧ್ವನಿವರ್ಧಕದಲ್ಲಿ ಸಾರಿದರು. ಕಿವಿಯ ವಾಸನೆ ಹೆಚ್ಚಾದಾಗ ಸಾಂಬ್ರಾಣಿ ಹಾಕಿಸಿದರು. ನೋಡಿ, ಮೂಗು ಕೆಲಸ ಮಾಡಿತ್ತು! ರೋಗದ ವಾಸನೆಯೆಂದು ಅದು ಹೇಳಿತ್ತು. ಹೇಳಿದ ಮೂಗಿನ ಬಾಯನ್ನು ಹೊಗೆ ಹಾಕಿ ಮುಚ್ಚಿಸಿದರು.

ಹುಲುಗೇಶನಿಗೆ ಸಮಿತಿಯವರು ಶಾಲು ಹೊದಿಸಿ ‘ಪ್ರಧಾನ ಸೇವಾಕರ್ತ’ ಎಂಬ ಪದವಿ ಕೊಟ್ಟರು. ಟ್ರಾಫಿಕ್ ಪೊಲೀಸರ ಬೈಗುಳವಲ್ಲದೆ ಮತ್ತಾವ ಬಿರುದನ್ನೂ ಪಡೆಯದಿದ್ದ ಅವನು ಶಾಲು ಹೊದ್ದುಕೊಂಡೇ ಆಟೋ ಓಡಿಸತೊಡಗಿದ.

ಆ ಜಾತ್ರೆಯಂತಹ ಗದ್ದಲದಲ್ಲಿ ಒಂದು ದಿನ ಕುರುಗೋಡಿನ ಗವಿಸಿದ್ದೇಶ್ ಎಂಬಾತ ಬಂದ. ಸುತ್ತುವ ಸಾಲಿಗೆ ಸೇರದೆ, ದೂರ ನಿಂತು ನಾಯಿಯನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ಪಂಪಾವತಿಯೇ ನಾಯಿಯ ಒಡತಿಯೆಂದು ತಿಳಿದಾಗ ತಗ್ಗಿದ ದನಿಯಲ್ಲಿ ಹೇಳಿದ:

“ಅಕ್ಕಾರ, ನಮ್ಮ ಮನಿ ನಾಯೂ ಹಿಂಗ ಸುತ್ತತಿತ್ತರಿ.”

“ಹೌದೇನು? ಅದನ್ನೂ ಪೂಜಿ ಮಾಡಿದ್ರೇನು?”

“ಎಲ್ಲಿ ಪೂಜಿರಿ! ಅದು ಎಡಕ್ಕ ಸುತ್ತತಿತ್ತು. ಅಪ್ರದಕ್ಷಿಣಿ, ಊರಿಗೆ ಕೇಡು ಅಂತ ಮಂದಿ ಕಲ್ಲು ತೂರಿದ್ರು. ಮನಿಯಾಗ ಇಟ್ಟುಕೊಳ್ಳಾಕ ಬಿಡಲಿಲ್ಲ. ತಡ್ಯಾಕ ಆಗದ ಕಂಟೋನ್ಮೆಂಟಿನ ಗುಲ್ನಾಜ್ ಡಾಕ್ಟರಮ್ಮನ ಹತ್ರ ಒಯ್ದೆ. ಎಡಗಿವ್ಯಾಗ ಕೀವು ಆಗಿತ್ತರಿ. ಔಷಧ ಹಾಕಿದ್ರು, ಈಗ ಕೋಳಿ ಬೆನ್ನಟ್ಟಿ ಓಡತೈತಿ.”

ಪಂಪಾವತಿ ಒಗ್ಗಾಣಿಯತ್ತ ತಿರುಗಿದಳು. ಅಪಶಕುನದ ನಾಯಿ ಬದುಕಿತ್ತು. ಶುಭಶಕುನದ ನಾಯಿ ಅವಳ ಕಣ್ಣೆದುರು ಸಾಯುತ್ತಿತ್ತು. ಬಾಧೆ ಎಡಕ್ಕಾದರೆ ಚಿಕಿತ್ಸೆ, ಬಲಕ್ಕಾದರೆ ಆರತಿ! ಯಾವ ನ್ಯಾಯಶಾಸ್ತ್ರ ಇದನ್ನು ಒಪ್ಪೀತು?

ಅವಳು ಕೂಡಲೇ ಗವಿಸಿದ್ದೇಶನ ಫೋನಿನಿಂದಲೇ ಡಾಕ್ಟರಮ್ಮನೊಡನೆ ಮಾತಾಡಿದಳು. ತಲೆ ವಾಲಿದ್ದು, ವಾಸನೆ, ಊಟ ಬಿಟ್ಟದ್ದು, ಸುತ್ತು, ಎಲ್ಲವನ್ನೂ ಹೇಳಿದಳು.

“ಅದು ಸುತ್ತಾಕತ್ತಿಲ್ಲಮ್ಮ,” ಎಂದರು ಗುಲ್ನಾಜ್. “ಬೀಳಾಕತ್ತೈತಿ. ಬೀಳಬಾರದು ಅಂತ ಹೆಜ್ಜಿ ಇಡತೈತಿ, ನಿಮಗದು ಸುತ್ತು ಕಾಣತೈತಿ. ಕಿವಿ ಒಳಗಿನ ಸೋಂಕು ಮಿದುಳಿಗೆ ಹೋದ್ರ ನನ್ನ ಕೈಯಾಗೂ ಏನೂ ಇರಂಗಿಲ್ಲ. ಇವತ್ತ ತರ್ರಿ.”

ತರಬೇಕೆಂದರೆ ನಾಯಿ ಈಗ ಅವಳದಾಗಿರಲಿಲ್ಲ; ಹಗಲುರಾತ್ರಿ ಸಮಿತಿಯವರ ಕಾವಲಿನಲ್ಲಿ ಕಟ್ಟೆಯ ಬಳಿಯೇ ಇರುತ್ತಿತ್ತು. ಪಂಪಾವತಿ ಕಟ್ಟೆಯ ಮುಂದೆ ಹೋಗಿ ತಿಪ್ಪೇಸ್ವಾಮಿಯವರನ್ನು ಕೇಳಿದಳು.

“ಮೇಷ್ಟ್ರೇ, ನನ್ನ ನಾಯಿ ನನಗ ಕೊಡ್ರಿ. ದವಾಖಾನಿಗೆ ಒಯ್ಯಬೇಕು.”

“ದವಾಖಾನಿ? ಯಾಕವ್ವ?”

“ಕಿವ್ಯಾಗ ಕೀವು ಆಗೈತಿ.”

“ಗುಣ ಆದ್ರ ಸುತ್ತತೈತೇನು?” ಎಂದು ತಿಪ್ಪೇಸ್ವಾಮಿಯವರು ಕೇಳಿದರು.

“ಸುತ್ತಂಗಿಲ್ರಿ.”

“ಮತ್ತ? ಗುಣ ಯಾಕ ಮಾಡಬೇಕು?”

ಈ ಪ್ರಶ್ನೆಯನ್ನು ಅವರು ನಿರ್ಮಲವಾದ ಮುಖದಿಂದ ಕೇಳಿದರೆಂಬುದನ್ನು ಇಲ್ಲಿ ದಾಖಲಿಸದಿರುವುದು ಅಧರ್ಮವಾದೀತು. ಅವರು ಕ್ರೂರಿಗಳಾಗಿರಲಿಲ್ಲ. ಇರುವೆಗೆ ಸಕ್ಕರೆ ಹಾಕುವವರು.

“ಕಾರ್ತಿಕ ಮುಗೀಲಿ, ಸಮಿತಿಯಾಗ ವಿಚಾರ ಮಾಡೋಣಂತ,” ಎಂದರು.

“ಅಲ್ಲೀತನ ಅದು ಇರತೈತೇನ್ರಿ?”

ಪ್ರಧಾನ ಸೇವಾಕರ್ತನಾದ ಗಂಡ ಶಾಲು ಸರಿಪಡಿಸಿಕೊಳ್ಳುತ್ತ ನಡುವೆ ಬಂದ. “ಲೇ ಪಂಪೀ, ಮಂದಿ ಮುಂದ ಮರ್‍ಯಾದಿ ತೆಗೀಬ್ಯಾಡ. ದೇವರ ಕಿವಿಗೆ ಯಾವ ಡಾಕ್ಟರಲೇ?”

“ದೇವರಾಗಾಕ ಮುಂಚೆ ಅದು ನಮ್ಮ ಒಗ್ಗಾಣಿ ಆಗಿತ್ತು. ನಿಮಗ ಶಾಲು ಬಂದೈತಿ, ಅದಕ್ಕ ಸಾವು ಬಂದೈತಿ,” ಎಂದು ಅವಳು ಕೂಗಿದಳು. ಧ್ವನಿವರ್ಧಕದ ಭಜನೆಯಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ನಾಯಿಯನ್ನು ಎತ್ತಿಕೊಳ್ಳಲು ಹೋದಳು. ಭಕ್ತರು ಕೈಕೈ ಹಿಡಿದು ಗೋಡೆಯಾದರು.

ಮರುದಿನ ಬೆಳಿಗ್ಗೆ ಒಗ್ಗಾಣಿ ಸುತ್ತಲು ಎದ್ದಿತು. ನಾಲ್ಕು ಹೆಜ್ಜೆಯಿಟ್ಟು ಬಲಕ್ಕೆ ಬಿತ್ತು. ಏಳಲೆಂದು ಕಾಲು ಬಡಿಯಿತು. ಏಳುವ ಬದಲು ಉರುಳಿತು. ಮತ್ತೆ ಉರುಳಿತು. ತಡೆಯಿಲ್ಲದೆ ಒಂದೇ ಸಮನೆ ಬಲಕ್ಕೆ ಉರುಳತೊಡಗಿತು.

ಅರೆಗಳಿಗೆ ಎಲ್ಲರೂ ಸ್ತಬ್ಧರಾದರು. ವಿವೇಕಕ್ಕೆ ದೊರೆತ ಕೊನೆಯ ಅವಕಾಶ ಅದಾಗಿತ್ತು. ಅಷ್ಟರಲ್ಲಿ ತಿಪ್ಪೇಸ್ವಾಮಿಯವರು ಧ್ವನಿವರ್ಧಕಕ್ಕೆ ಬಾಯಿಟ್ಟರು.

“ಉರುಳುಸೇವೆ! ಸ್ವಾಮಿಯವರು ಉರುಳುಸೇವೆ ಸುರು ಮಾಡ್ಯಾರ! ಎಲ್ಲಾರೂ ಮಕ್ಕೋರ್ರಿ! ಕಟ್ಟಿ ಸುತ್ತು ಮುಗಿಯೋತನಕ ಏಳಬಾರದು, ಎದ್ದರ ಸೇವೆ ಕೆಡತೈತಿ!”

ಕೂಡಲೇ ಓಣಿ ನೆಲಕ್ಕೆ ಬಿತ್ತು. ರೇಷ್ಮೆ ಪಂಚೆಗಳು ಉರುಳಿದವು, ಸಫಾರಿ ಸೂಟು ಉರುಳಿತು, ಹಚ್ಚೊಳ್ಳಿಯ ಟ್ರಾಲಿಯೆಲ್ಲ ಉರುಳಿತು. ಸಮಿತಿಯ ಖಜಾಂಚಿಯವರು ದಿಕ್ಕು ತಪ್ಪಿ ಗಾದೆಮ್ಮನ ಹೂವಿನ ಬುಟ್ಟಿಗೆ ಉರುಳಿ ಸೇವಂತಿಗೆಯಲ್ಲಿ ಮುಳುಗಿದರು. “ಏ ಸ್ವಾಮಿ, ನನ್ನ ಹೂವಿನ ಮ್ಯಾಲ ಎಲ್ಲಿ ಪುಣ್ಯ ಐತಿ? ಆ ಕಡಿ ಉಳ್ಳಾಡ್ರಿ!” ಎಂದು ಗಾದೆಮ್ಮ ಮಲಗಿದಲ್ಲಿಂದಲೇ ಬೈದಳು.

ಪ್ರಧಾನ ಸೇವಾಕರ್ತನಾದ್ದರಿಂದ ಹುಲುಗೇಶ ನಾಯಿಯ ಬೆನ್ನಿಗೇ ಉರುಳಬೇಕಿತ್ತು. ಉರುಳಿದ. ಎರಡನೆಯ ಹೊರಳಿನಲ್ಲಿ ಅವನ ಮುಖ ಒಗ್ಗಾಣಿಯ ಮುಖಕ್ಕೆ ಎದುರಾಯಿತು. ತಾನೇ ಅಂಗೈಯಲ್ಲಿ ಹಾಲು ಕುಡಿಸಿ ಸಾಕಿದ ನಾಯಿಯನ್ನು ಅವನು ಇಷ್ಟು ಹತ್ತಿರದಿಂದ ನೋಡಿ ಎಷ್ಟೋ ದಿನಗಳಾಗಿದ್ದವು. ಅದರ ಕಣ್ಣುಗುಡ್ಡೆಗಳು ನಿಲ್ಲದೆ ಪಕ್ಕಕ್ಕೆ ಪಕ್ಕಕ್ಕೆ ಜಿಗಿಯುತ್ತಿದ್ದವು. ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂಬಂತೆ ಅದು ಅವನ ಶಾಲನ್ನು ಉಗುರಿನಿಂದ ಕೆದರಿತು. ಮಗುಚಿದ ಬಲಗಿವಿಯ ತೂತಿನಿಂದ ಹಳದಿ ಕೀವು ಇಳಿದು ಕೆನ್ನೆಯ ಕೂದಲಿಗೆ ಅಂಟಿತ್ತು. ಅಲ್ಲಿ ಸಾಂಬ್ರಾಣಿಯ ಹೊಗೆ ತಲುಪುತ್ತಿರಲಿಲ್ಲ.

ಹುಲುಗೇಶ ಎದ್ದು ನಿಂತ.

“ಹುಲುಗೇಶಾ! ಮಕ್ಕೋಲೇ! ಸೇವೆ ಕೆಡತೈತಿ!” ಎಂದು ತಿಪ್ಪೇಸ್ವಾಮಿಯವರು ನೆಲದಿಂದ ಗುಡುಗಿದರು.

“ಕೆಡಲಿ ಬಿಡ್ರಿ ಮೇಷ್ಟ್ರೇ. ನಾಯಿ ಸಾಯಾಕತ್ತೈತಿ.” ಅವನು ಶಾಲು ಬಿಚ್ಚಿ ಒಗ್ಗಾಣಿಯನ್ನು ಅದರಲ್ಲಿ ಬಿಗಿಯಾಗಿ ಸುತ್ತಿ ಎದೆಗೊತ್ತಿಕೊಂಡ. “ಪಂಪೀ! ಎಲ್ಲಿ ಅದೀ? ಆಟೋ ಹತ್ತು!”

“ಹಿಡೀರಿ ಅವನ್ನ! ಯಾರಾದ್ರೂ ಹಿಡೀರಿ!”

“ಹೆಂಗ ಹಿಡಿಯಾಕ ಬರತೈತ್ರಿ, ಏಳಬಾರದಲ್ಲ?” ಎಂದು ಯಾರೋ ಹೊರಳುತ್ತಲೇ ಕೇಳಿದರು. ತಾವೇ ಹಾಕಿದ ನಿಯಮ ಅಧ್ಯಕ್ಷರ ಬಾಯಿ ಕಟ್ಟಿತು. ಗಂಡಹೆಂಡಿರು ಭಕ್ತರ ನಡುವೆ ಕಾಲಿಗೆ ಎಡೆ ಹುಡುಕುತ್ತ, ಹುಡುಕಿ ಸಿಗದ ಕಡೆ ದಾಟುತ್ತ, ಆಟೋ ಸೇರಿದರು. ನಾಯಿ ಹೋದ ಮೇಲೂ ಓಣಿ ಬಹಳ ಹೊತ್ತು ಉರುಳುತ್ತಲೇ ಇತ್ತು.

ಕಂಟೋನ್ಮೆಂಟಿನ ಚಿಕಿತ್ಸಾಲಯದಲ್ಲಿ ಡಾಕ್ಟರ್ ಗುಲ್ನಾಜ್ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ತುಟಿ ಬಿಗಿದರು. ಕಿವಿಯ ತಮಟೆ ಹರಿದಿತ್ತು, ಸೋಂಕು ಒಳಗಿವಿಗೆ ಇಳಿದಿತ್ತು. ಚುಚ್ಚುಮದ್ದು ಕೊಟ್ಟು, ನೀರೇರಿಸಿ, ಕಿವಿ ತೊಳೆದರು. ಹುಲುಗೇಶ ನಾಯಿಯ ತಲೆ ಹಿಡಿದು ನಿಂತಿದ್ದ.

“ವಾಸನಿ ಯಾವಾಗ ಸುರು ಆತು?”

“ದೀಪಾವಳಿಗಿಂತ ಮೊದಲರಿ,” ಎಂದಳು ಪಂಪಾವತಿ.

“ಆವಾಗ ತಂದಿದ್ರ ಹನಿ ಹಾಕಿ ಕಳಸ್ತಿದ್ದೆ. ಕೆರಕೊಳ್ಳೋದು, ತೆಲಿ ಕೊಡವೋದು, ಊಟ ಬಿಡೋದು, ಅದು ಹೇಳೋದು ಹಿಂಗ. ಇದಕ್ಕಿಂತ ಸ್ಪಷ್ಟ ಹೆಂಗ ಹೇಳಬೇಕಮ್ಮ ನಾಯಿ? ಅರ್ಜಿ ಬರೀಬೇಕೇನು?”

“ನಾನ ಮೋರಿ ವಾಸನಿ ಅಂದೆರಿ,” ಎಂದ ಹುಲುಗೇಶ.

ಒಗ್ಗಾಣಿ ಬದುಕಿತು. ಬಲಗಿವಿ ಮಾತ್ರ ಕೇಳದಾಯಿತು. ತಲೆಯ ವಾಲು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ತಡಮಾಡಿದವರ ತಪ್ಪಿಗೆ ಅದು ಜೀವಮಾನವೆಲ್ಲ ತಲೆ ವಾರೆ ಮಾಡಿಕೊಂಡು ಲೋಕವನ್ನು ನೋಡಬೇಕು.

ಒಗ್ಗಾಣಿ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ತಿಪ್ಪೇಸ್ವಾಮಿಯವರು ಬಾಗಿಲಲ್ಲಿ ನಿಂತರು. ಮೊಣಕೈಯಲ್ಲಿ ಉರುಳಿದ ತರಚುಗಾಯ ಇನ್ನೂ ಮಾಯ್ದಿರಲಿಲ್ಲ. ಪಂಪಾವತಿ ಯಂತ್ರ ನಿಲ್ಲಿಸಲಿಲ್ಲ.

“ಸುತ್ತತೈತೇನವ್ವ?”

“ಇಲ್ರಿ.”

“ಒಂದ ಸುತ್ತು ಸೈತ?”

“ಅರ್ಧ ಸುತ್ತೂ ಇಲ್ರಿ. ದೇವರು ಬೇಕಿದ್ರ ಕಟ್ಟಿಮ್ಯಾಲ ಕುಂತೈತಿ, ಹೋಗ್ರಿ.”

ಅವರು ಹೋಗಲಿಲ್ಲ. ಒಗ್ಗಾಣಿಯನ್ನು ನೋಡಿದರು. ಅದು ಎಡಗಿವಿ ಎತ್ತಿ, ಅನ್ನದ ತಟ್ಟೆಯನ್ನು ನೆಕ್ಕಿ ಗೋಡೆಗೆ ತಳ್ಳುತ್ತಿತ್ತು. ಅವರು ಕೆಮ್ಮಿದರು, ಓಣಿಯತ್ತ ತಿರುಗಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

“ಅಲ್ಲವ್ವ, ನಮ್ಮ ಮನಿ ಬೆಕ್ಕು… ಇತ್ತಿತ್ತಲಾಗ ನೀರಿನ ಹಂಡೆ ಬಿಟ್ಟು ಏಳವೊಲ್ಲದು. ಕುಡಿತೈತಿ, ಮತ್ತ ಕುಡಿತೈತಿ. ಮೈಯಾಗಿನ ಎಲುವು ಎಣಿಸಂಗ ಆಗೈತಿ. ನಮ್ಮ ಮನಿಯಾಕಿ ಗಂಗಾಪೂಜಿ ಅಂತಾಳ. ನಿನ್ನೆ ಹಂಡೆಗೆ ಕುಂಕುಮ ಹಚ್ಯಾಳ.”

ಯಂತ್ರ ನಿಂತಿತು.

“ಎಷ್ಟ ದಿನಾತ್ರಿ?”

“ಈಗ ಸುರು ಆಗೈತಿ. ಕಾರ್ತಿಕ ಅಂತೂ ಮುಗೀತು, ಧನುರ್ಮಾಸ ಒಂದು ಆಗಲಿ ಅಂತ…”

“ಬೆಕ್ಕು ಎಲ್ಲೈತ್ರಿ?”

“ಧನುರ್ಮಾಸದಾಗ ಗಂಗಾಪೂಜಿ ನಡಕ ಬಿಡಿಸಿದ್ರ ದೋಷ ಅಂತ ಮನಿಯಾಕಿ…”

“ಮೇಷ್ಟ್ರೇ, ಬೆಕ್ಕು ಎಲ್ಲೈತ್ರಿ?”

ತಿಪ್ಪೇಸ್ವಾಮಿಯವರು ತಮ್ಮ ಮನೆಯ ಕಡೆಗೆ ಬೆರಳು ತೋರಿಸಿದರು. ಪಂಪಾವತಿ ಜೀನ್ಸ್ ಬಟ್ಟೆಯ ಗಟ್ಟಿಯಾದ ಚೀಲವೊಂದನ್ನು ಕೊಡವಿ ತೆಗೆದುಕೊಂಡು ಹೊಸ್ತಿಲು ದಾಟಿದಳು. ಹೊರಗೆ ಹುಲುಗೇಶ ಆಟೋ ಚಾಲೂ ಮಾಡಿದ್ದ.