ಖಂಡೆಪ್ಪನ ಎಡ ಮೊಣಕಾಲು

"ಹಿಂದಕ್ಕ ನೂಕ್ರೋ, ಮುಂದಕ್ಕಲ್ಲ!" ಎಂದು ಸ್ಟೇರಿಂಗಿನ ಹಿಂದೆ ಕೂತಿದ್ದ ಮೆಕ್ಯಾನಿಕ್ ಜುಲ್ಫಿಕರ ಕೂಗಿದ. ಹುಡುಗರು ಮುಂದಕ್ಕೇ ನೂಕಿದರು.

ಖಂಡೆಪ್ಪನ ಹೆಣವನ್ನು ಕೂಡಿಸಿ ಒಯ್ಯುವ ಹೂವಿನ ವಿಮಾನ ಓಣಿಯ ಬಾಯಲ್ಲೇ ನಿಂತಿತ್ತು. ಮನೆ ಬಾಗಿಲಿಗೆ ಅಡ್ಡವಾಗಿ, ಇಳಿಜಾರಿನಲ್ಲಿ, ಖಂಡೆಪ್ಪನದೇ ಎಂಬತ್ತಾರನೇ ಇಸವಿಯ ಕಾರು. ಹ್ಯಾಂಡ್‌ಬ್ರೇಕ್ ಹಿಡಿಯದ್ದರಿಂದ ಆತ ಅದನ್ನು ಗೇರಿನಲ್ಲೇ ನಿಲ್ಲಿಸುತ್ತಿದ್ದ. ಈಗ ಗೇರು ಬಿಡಲೊಲ್ಲದು.

"ಹೊತ್ತು ಮುಣುಗೂದ್ರಾಗ ಮಣ್ಣಾಗಬೇಕ್ರಿ," ಎಂದ ಮಗ ಅನಿಲ.

"ಮಾಲಕ ಹ್ವಾದ್ರೂ ಇದು ಹೋಗಂಗಿಲ್ಲ," ಎಂದ ನೆರೆಮನೆಯ ಶ್ರೀಶೈಲಪ್ಪ.

ಒಳಗೆ ಖಂಡೆಪ್ಪನಿಗೆ ಪದ್ಮಾಸನ ಹಾಕಿಸಲು ಇಬ್ಬರು ಸೇರಿ ಎಡಗಾಲು ಮಡಚುತ್ತಿದ್ದರು. "ಮೆಲ್ಲಕರೋ, ಆ ಕಾಲು ಬ್ಯಾನಿ ಐತಿ," ಎಂದಳು ಹೆಂಡತಿ ಹೊನ್ನವ್ವ. ಯಾರೂ ನಗಲಿಲ್ಲ.

ಹೊರಗಿನಿಂದ ಜುಲ್ಫಿಕರನ ದನಿ ಬಂತು: "ಕ್ಲಚ್ ಕೇಬಲ್ ತುಕ್ಕು ತಿಂದು ಕಲ್ಲಾಗೇತಿ. ಎರಡ್ಮೂರು ವರ್ಷದ್ದು ಇದು. ಹೆಂಗ ತುಳೀತಿದ್ರೋ ಪುಣ್ಯಾತ್ಮರು!"

ಹೊನ್ನವ್ವ ಎದ್ದು ಹೊಸ್ತಿಲಿಗೆ ಬಂದಳು. "ಅದನ್ನ ಯಾವ ಕಾಲಲೆ ತುಳೀತಾರೋ?"

"ಎಡಗಾಲಲೇರಿ, ಅಕ್ಕಾರ."

*

ಮೂರು ವರ್ಷದ ಹಿಂದೆ, ಮಗಳು ಭಾಗ್ಯಜ್ಯೋತಿಯ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ, ಖಂಡೆಪ್ಪ ಇದೇ ಕಾರಿನ ಅಡಿಯಲ್ಲಿ ಮಲಗಿದ್ದ. ಆ ಸಂಜೆ ಹೊನ್ನವ್ವ ಆಣೆ ಹಾಕಿದಳು: "ಇನ್ನ ಒಂದು ಹೊಸಾ ಸಾಮಾನು ಇದಕ್ಕ ಹಾಕಿದ್ರಿ ಅಂದ್ರ, ನನ್ನ ಹೆಣಾ ನೋಡ್ತೀರಿ."

ಖಂಡೆಪ್ಪ ಬಾಗೇವಾಡಿಯ ಶಾಲೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವ. ಆದೇಶ ಬಂದರೆ ಕಾರಣ ಕೇಳುವ ರೂಢಿ ಇರಲಿಲ್ಲ. ಅಂದಿನಿಂದ ಕಾರಿಗೆ ಒಂದು ಹೊಸ ನಟ್ಟೂ ಬೀಳಲಿಲ್ಲ.

ಮರುವರ್ಷ ಮೊಣಕಾಲು ಹಿಡಿಯಿತು. ಸಿಂದಗಿಯ ಡಾಕ್ಟರು ಗುಳಿಗೆ ಕೊಟ್ಟರು, ಮುದ್ದೇಬಿಹಾಳದವರು ಎಣ್ಣೆ, ಇಂಡಿಯವರು ಪಟ್ಟಿ. ಎಲ್ಲರೂ ವಯಸ್ಸಿನ ಮೇಲೆ ಹಾಕಿದರು. ಮೂರೂ ಊರಿಗೆ ಆತ ಕಾರನ್ನು ತಾನೇ ಓಡಿಸಿಕೊಂಡು ಹೋಗಿದ್ದ. ಪಕ್ಕದಲ್ಲಿ ಹೊನ್ನವ್ವ. ಗೇರು ಬದಲಿಸುವಾಗಲೆಲ್ಲ ಆತ ಸ್ಟೇರಿಂಗ್ ಬಿಟ್ಟು ಬಲಗೈಯಿಂದ ಎಡ ಮೊಣಕಾಲನ್ನು ಒತ್ತುತ್ತಿದ್ದ.

"ಕೈ ಅಲ್ಲ್ಯಾಕ?"

"ಬ್ಯಾನಿ."

ರಾತ್ರಿ ಆಕೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. "ಕುಂತು ತಿಂದಿದ್ದಕ್ಕ ಗಂಟು ಹಿಡದೈತಿ" ಎಂದು ಬೈಯುವುದೂ ಅದರೊಟ್ಟಿಗೇ ನಡೆಯುತ್ತಿತ್ತು. ಆತ ಹೂಂಗುಟ್ಟುತ್ತಿದ್ದ.

*

"ಇಳಿ," ಎಂದಳು ಹೊನ್ನವ್ವ, ಜುಲ್ಫಿಕರನಿಗೆ.

"ಅಕ್ಕಾರ, ನಿಮಗ ಆಗೂದಿಲ್ರಿ…"

"ಇಳಿಯೋ ಅಂದ್ನಿ."

ಆಕೆ ಆ ಸೀಟಿನಲ್ಲಿ ಎಂದೂ ಕೂತಿರಲಿಲ್ಲ. ಎಡಗಾಲು ಪೆಡಲಿನ ಮೇಲಿಟ್ಟು ತುಳಿದಳು, ಅದು ಅಲುಗಲಿಲ್ಲ. ಇನ್ನೊಮ್ಮೆ ತುಳಿದಳು. ಆಮೇಲೆ ಬಲಗೈ ತಂದು ಮೊಣಕಾಲ ಮೇಲಿಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಪೆಡಲು ಕಿರುಗುಟ್ಟಿ ಇಷ್ಟು ಇಳಿಯಿತು.

"ಈಗ ಹಿಂದಕ್ಕ!" ಎಂದ ಜುಲ್ಫಿಕರ. ಹುಡುಗರು ಈ ಸಲ ಹಿಂದಕ್ಕೇ ನೂಕಿದರು. ಆಕೆ ಎಡಗೈಯಿಂದ ಗೇರಿನ ಕೋಲನ್ನು ಎಳೆದಳು. ಅದು ಬಿಟ್ಟುಕೊಂಡಿತು.

ಕಾರನ್ನು ಗೋಡೆಗೆ ಸರಿಸಿದರು. ವಿಮಾನ ಬಾಗಿಲಿಗೆ ಬಂತು, ಭಜನೆಯವರು ತಾಳ ಎತ್ತಿಕೊಂಡರು.

"ಅಕ್ಕಾರ, ಆತ್ರಿ. ಕಾಲು ತಗೀರಿ."

ಹೊನ್ನವ್ವ ತೆಗೆಯಲಿಲ್ಲ. ಹೂವಿನ ನಡುವೆ ಕೂತ ಖಂಡೆಪ್ಪ ಗಾಜಿನಾಚೆ ದಾಟಿಹೋದ. ಆಕೆಯ ಬಲಗೈ ಎಡ ಮೊಣಕಾಲನ್ನು ಇನ್ನೂ ಒತ್ತಿಕೊಂಡೇ ಇತ್ತು.