ಕುರಿ ಕೂತ ಜಾಗದ ಮಣ್ಣು

ಮಣ್ಣು ಪರೀಕ್ಷೆಯ ಚೀಟಿಯನ್ನು ನಾನು ಮೂರು ಸಲ ಓದಿದೆ. ಕಣಗಲಾ ದಾರಿಯ ನಮ್ಮ ಎರಡು ಎಕರೆಯಲ್ಲಿ ಯಾವ ದೋಷವೂ ಇಲ್ಲವಂತೆ. ಕ್ಷಾರವಿಲ್ಲ, ಕ್ಷಾರ ಇಳಿಸುವ ಜಿಪ್ಸಂ ಬೇಕಿಲ್ಲ. ಆದರೆ ಹೊಲದ ಕೆಳಗಿನ ಅರ್ಧದಲ್ಲಿ ದಿನಾ ಮುಂಜಾನೆ ಸುಣ್ಣ ಚೆಲ್ಲಿದಂತೆ ಬಿಳಿ ಪದರು ಏಳುತ್ತಿತ್ತು. ಹೋದ ವರ್ಷ ಅಲ್ಲಿ ಕಬ್ಬು ಮೊಣಕಾಲೆತ್ತರಕ್ಕೇ ನಿಂತು ಹಳದಿಯಾಗಿತ್ತು. ಈ ವರ್ಷವೂ ಜಿಪ್ಸಂ ಬೀಳದಿದ್ದರೆ ಆ ನೆಲ ಕೈಬಿಟ್ಟಂತೆಯೇ. ಸರಕಾರ ಕೊಡುವ ಜಿಪ್ಸಂ, ಚೀಟಿಯಲ್ಲಿ ಕ್ಷಾರ ಕಂಡವರಿಗಷ್ಟೇ. ಹೆಸರು ಬರೆಸಲು ಶುಕ್ರವಾರ ಕೊನೆಯ ದಿನ.

ಹತ್ತೊಂಬತ್ತು ವರ್ಷದಿಂದ ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿರುವ ಮಾಯಪ್ಪನನ್ನು ಕರೆದು, ಪರೀಕ್ಷೆಗೆ ಮಣ್ಣು ಎಲ್ಲಿಂದ ತೆಗೆದೆ ಎಂದು ಕೇಳಿದೆ. ಬೀರಸಿದ್ದಪ್ಪನ ಕುರಿಗಳನ್ನು ಗೊಬ್ಬರಕ್ಕೆಂದು ಮೂರು ದಿನ ಮೇಲಿನ ಮೂಲೆಯಲ್ಲಿ ಕೂಡಿಸಿದ್ದೆವು. ಇಡೀ ಚೀಲ ಅಲ್ಲಿಂದಲೇ ತುಂಬಿದ್ದನಂತೆ, ಹರಳು ಆರಿಸಿ.

“ಅಕ್ಕೋರ, ಹೆಣ್ಣ ತೋರಸೂಮುಂದ ಹರಕ ಸೀರಿ ಉಡಸ್ತಾರೇನ್ರಿ?” ಎಂದ. “ನಿಮ್ಮ ಹೊಲಕ್ಕ ಯಾರೂ ಹೆಸರಿಡಬಾರ್ದು ಅಂತ ಮಾಡಿದ್ನಿ.”

ಆದರೆ ಎಂಟು ಕಡೆಯ ಮಣ್ಣನ್ನು ತನ್ನ ಎದುರಿಗೇ ತೆಗೆಯಲಾಗಿದೆ ಎಂದು ಸಹಿ ಮಾಡಿದವಳು ಊರಲ್ಲಿ ಕೃಷಿ ಇಲಾಖೆಯ ಕೆಲಸ ನೋಡುವ ಕೃಷಿ ಸಖಿ ನಂದಾ. ನನ್ನ ಕೈಯಲ್ಲಿ ಐದನೆಯ ಇಯತ್ತೆ ಕಲಿತ ಹುಡುಗಿ. ಅವತ್ತು ಅವಳ ಕೂಸು ಬದುವಿನ ಬೇವಿನ ನೆರಳಲ್ಲಿ ವಾಂತಿ ಮಾಡುತ್ತಿತ್ತಂತೆ. ನೀನು ಕೂಸನ್ನು ನೋಡು, ಚೀಲ ನಾನು ತುಂಬುತ್ತೇನೆ ಎಂದು ಮಾಯಪ್ಪನೇ ಹೇಳಿದ್ದ. ಅದೂ ಒಂದು ಉಪಕಾರವೇ. ಈಗ ನಿಜ ಹೇಳಿದರೆ ಅವಳ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಹೊಲಕ್ಕೆ. ಎರಡು ದಿನ ಯಾರಿಗೂ ಹೇಳದೆ ಚೀಟಿಯನ್ನು ಮಡಚಿ ಇಟ್ಟುಕೊಂಡೆ.

ಗುರುವಾರ ನಂದಾಳ ಮನೆಗೆ ಹೋದೆ. ನನ್ನ ಮೊಣಕಾಲು ನೋವು ನೆನಪಿಟ್ಟು, ಚಾಪೆ ಬಿಟ್ಟು ಸ್ಟೂಲು ತಂದಿಟ್ಟಳು. ಅದರ ಮೇಲೆ ಕೂತು ಅವಳಿಗೆ ಇಂಥ ಸುದ್ದಿ ಹೇಳುವುದು ಸುಲಭವಾಗಿರಲಿಲ್ಲ. ಪೂರ್ತಿ ಕೇಳಿ ಅವಳು ಕೂಸನ್ನು ಚಾಪೆಯ ಮೇಲೆ ಮಲಗಿಸಿ ನನ್ನತ್ತ ತಿರುಗಿದಳು.

“ಎರಡ ದಿನಾ ಯಾಕ ಸುಮ್ಮನ ಕುಂತ್ರಿ, ಅಕ್ಕೋರ? ತಪ್ಪ ಆದ್ರ ಅವತ್ತ ಹೇಳ್ರಿ ಅಂತ ಸಾಲ್ಯಾಗ ಬಡಕೊಂತಿದ್ದಾವ್ರು ನೀವ.”

ಶುಕ್ರವಾರ ಬಿಸಿಲೇರುವ ಮೊದಲೇ, ಹೊಸದಾಗಿ ಮಣ್ಣು ತೆಗೆಯಲು ಸಲಿಕೆ ಹಿಡಿದು ಬಂದಳು. ಕೆಳಗಿನ ಅರ್ಧದಲ್ಲಿ ಸೊಟ್ಟಸೊಟ್ಟ ನಡೆದು ಎಂಟು ಕಡೆ ಗೇಣಾಳ ಅಗೆದು ಮಣ್ಣು ತೆಗೆದಳು. ಬಿಳಿ ಜಾಗಕ್ಕೆ ಬಂದಾಗ ಮಾಯಪ್ಪ ಬಗ್ಗಿ ಆ ಬಿಳುಪನ್ನು ಅಂಗೈಯಿಂದ ಒರೆಸತೊಡಗಿದ. ನಂದಾ ಅವನತ್ತ ನೋಡಿದಳು, ಅಷ್ಟೇ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ, ಅರ್ಧ ಕೆಜಿ ಉಳಿಯುವವರೆಗೆ ಹಾಗೆಯೇ ಮಾಡಿದಳು. ಎಂಟು ಗಂಟೆಯ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಮೂವರೂ ಹೊರಟೆವು.

ರೈತ ಸಂಪರ್ಕ ಕೇಂದ್ರದಲ್ಲಿ ಅಧಿಕಾರಿ ಬಸವಲಿಂಗ ಮಣ್ಣನ್ನು ನೀರಲ್ಲಿ ಕದಡಿ, ಕ್ಷಾರ ಅಳೆಯುವ ಸಣ್ಣ ಯಂತ್ರ ಇಳಿಬಿಟ್ಟರು. ಅಂಕಿ ಏರುತ್ತ ಒಂಬತ್ತು ದಾಟಿ ನಿಂತಿತು. ನಮ್ಮ ಹೊಲ ಕೆಟ್ಟಿದೆ ಎಂದು ಖಾತ್ರಿಯಾದಾಗ ನಾನು ಉಸಿರು ಬಿಟ್ಟೆ.

ಮೊದಲಿನ ಚೀಟಿ ಹೇಗೆ ಸರಿ ಬಂತೆಂದು ಅವರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಂದಾ ಹೇಳಿದಳು. “ನಾ ಎದುರಿಗೆ ನಿಂತಿರಲಿಲ್ರಿ ಸರ್. ಸಹಿ ಅಷ್ಟ ನಂದು.”

ಅವರು ಬರೆದುಕೊಳ್ಳುವಾಗ ಮಾಯಪ್ಪ ಮುಂದೆ ಬಂದ. “ಅದರ ಬಾಜೂಕ ನನ್ನ ಹೆಸರೂ ಬರೀರಿ, ಸಾಹೇಬ್ರ. ಚೀಲ ತುಂಬಿದಾಂವ ನಾ.”

“ಅದಕ್ಕ ಇದ್ರಾಗ ಜಾಗಾ ಇಲ್ರಿ ಕಾಕಾ,” ಎಂದರು ಬಸವಲಿಂಗ. ಆದರೂ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ಆಮೇಲೆ ಜಿಪ್ಸಂ ಪಟ್ಟಿಯ ಕೊನೆಯ ಸಾಲಿಗೆ ನನ್ನ ಹೆಸರು, ಹಮೀದಾಬಿ, ಸೇರಿಸಿದರು. ನಂದಾಳ ವಿಷಯ ಮೇಲಿನವರನ್ನು ಕೇಳಬೇಕು, ಸೋಮವಾರ ತಿಳಿಸುತ್ತೇನೆ ಎಂದರು.

ಮರಳುವ ಬಸ್ಸಿನಲ್ಲಿ ನಂದಾಳ ತೊಡೆಯ ಮೇಲೆ ಹೊಸ ಖಾಲಿ ಚೀಲವಿತ್ತು. ಮಂಗಳವಾರ ಕರೆಪ್ಪನ ಹೊಲದ ಮಣ್ಣು ತೆಗೆಯಬೇಕಿತ್ತಂತೆ; ಹೋಗಲೋ ಬೇಡವೋ ಎಂದು ನನ್ನನ್ನು ಕೇಳಿದಳು. ಸೋಮವಾರ ಇನ್ನೂ ನಡುವೆ ಇತ್ತು.

ಕಂಬಿ ಹಿಡಿದು ನಿಂತಿದ್ದ ಮಾಯಪ್ಪ ಬಗ್ಗಿ ಹೇಳಿದ. “ಹೋಗಬೇಕಂದ್ರ ಹೋಗವ್ವಾ. ಕೂಸಿನ್ನ ನಮ್ಮ ಮನ್ಯಾಗ ಭರಮವ್ವನ ಕಡೆ ಬಿಡು. ಚೀಲಕ್ಕ ಮಾತ್ರ ನಾ ಕೈ ಹಚ್ಚೂದಿಲ್ಲ.”