ಕಲ್ಲಿಗೆ ನೀರು ಕಟ್ಟುವ ದಿನ

ಕೆಂಗೇರಿ ದಾರಿಯ ಕೆಳಗಿನ ಹಳ್ಳದಲ್ಲಿ ಕೊಳಚೆ ನೀರು ತೊಳೆಯುವ ಪ್ಲ್ಯಾಂಟು ಶುರುವಾಗಿ ಎರಡು ವರ್ಷವಾಗಿತ್ತು. ಅದರ ಫಿಲ್ಟರು ಅಂದರೆ ಆಳೆತ್ತರದ ಸುತ್ತುಗೋಡೆಯೊಳಗೆ ಮುಷ್ಟಿಗಾತ್ರದ ಕಲ್ಲು ತುಂಬಿದ ಗುಂಡನೆಯ ದೊಡ್ಡ ತೊಟ್ಟಿ. ನಡುಗಂಬದಿಂದ ಹೊರಟ ನಾಲ್ಕು ಕಬ್ಬಿಣದ ತೋಳುಗಳು ಹಗಲೂ ರಾತ್ರಿ ಸುತ್ತುತ್ತ ವಿಜಯನಗರ, ರಾಜಾಜಿನಗರಗಳ ಹೊಲಸು ನೀರನ್ನು ಆ ಕಲ್ಲಿನ ಮೇಲೆ ಚಿಮುಕಿಸುತ್ತಿದ್ದವು. ಕಲ್ಲಿಗೆ ಕಟ್ಟಿದ ಲೋಳೆ, ನೀರಿನ ಕೊಳೆಯನ್ನು ತಿನ್ನುತ್ತಿತ್ತು. ಲೋಳೆಯನ್ನು ಹುಳು ತಿನ್ನುತ್ತಿತ್ತು. ಹುಳುವಿಗೆ ರೆಕ್ಕೆ ಬಂದರೆ ನುಸಿ.

ಕೆಮಿಸ್ಟ್ ಪದ್ಮನಾಭ ಕಾಮಾಕ್ಷಿಪಾಳ್ಯದ ಮೇಲೆ ಸೈಕಲ್ ತುಳಿದು ಬರುತ್ತಿದ್ದ. ಬಿ.ಎಸ್ಸಿ. ಮಾಡಿದವನು, ಇಪ್ಪತ್ತಾರರ ವಯಸ್ಸು, ಮಾತು ಕಡಿಮೆ. ಎಂಟು ದಿನಕ್ಕೊಮ್ಮೆ ಕೆಳಗಿನ ವಾಲ್ವು ಮುಚ್ಚಿ, ಪಂಪು ಬಿಟ್ಟು, ಕಲ್ಲು ಮುಳುಗುವಷ್ಟು ನೀರನ್ನು ಒಂದು ಹಗಲು ಒಂದು ರಾತ್ರಿ ನಿಲ್ಲಿಸಿದರೆ ಹುಳುಗಳು ಉಸಿರುಕಟ್ಟಿ ಸಾಯುತ್ತವೆ ಎಂದು ಕಂಡುಕೊಂಡವನು ಅವನೇ. ಒಂಬತ್ತು ದಾಟಿದರೆ ಅವಕ್ಕೆ ರೆಕ್ಕೆ ಬಂದುಬಿಡುತ್ತಿತ್ತು.

ಫಿಲ್ಟರು ನೋಡಿಕೊಳ್ಳುತ್ತಿದ್ದ ತಿಮ್ಮಯ್ಯ ಇದನ್ನು ‘ನೀರು ಕಟ್ಟೋದು’ ಅನ್ನುತ್ತಿದ್ದ. ಆ ಜಾಗ ಮೊದಲು ಅವನ ರಾಗಿ ಹೊಲ. ಬೇಲಿಯಾಚೆ ಉಳಿದ ಎರಡಂಕಣದ ಮನೆಯಲ್ಲಿ ಅವನ ಹೆಂಡತಿ ಮುನಿತಾಯಮ್ಮ ಉಬ್ಬಸದಲ್ಲಿ ಬೇಯುತ್ತಿದ್ದಳು. ನುಸಿ ಎದ್ದಾಗಲೆಲ್ಲ ಅವಳ ಎದೆ ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ನೀರು ಕಟ್ಟಲು ಶುರು ಮಾಡಿದ ಮೇಲೆ ನಾಲ್ಕು ತಿಂಗಳು ಚಾಪೆಯ ಮೇಲೆ ಮಲಗಿ ನಿದ್ದೆ ಮಾಡಿದಳು. “ಅದೇನ್ ಮಂತ್ರ ಹಾಕಿದ್ರಪ್ಪಾ ಆ ಕಲ್ಲಿಗೆ?” ಎಂದು ಒಮ್ಮೆ ಪದ್ಮನಾಭನನ್ನು ಕೇಳಿದ್ದಳು. ಅವನು ನಕ್ಕಿದ್ದ, ಅಷ್ಟೆ.

ಆ ವರ್ಷ ನೀರು ಕಟ್ಟಬೇಕಾದ ಎಂಟನೆಯ ದಿನ ಆಯುಧಪೂಜೆಗೆ ಬಿತ್ತು.

ಬೆಳಿಗ್ಗೆ ಪದ್ಮನಾಭ ಬರುವಷ್ಟರಲ್ಲಿ ತೋಳುಗಳು ನಿಂತಿದ್ದವು. ಪಂಪು ನಡೆಸುವ ವೆಂಕಟಗಿರಿ ಅವಕ್ಕೆ ಸೇವಂತಿಗೆ ಹಾರ ಸುತ್ತುತ್ತಿದ್ದ. ತಿಮ್ಮಯ್ಯ ಕುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದ.

“ಸಾರ್, ನಾಳೆ ದಶಮಿ ಕಳೀಲಿ, ನಾಡಿದ್ದು ಬೆಳಿಗ್ಗೆ ಪಂಪು ಬಿಡೋಣ. ಹೋದ್ವರ್ಷ ಪೂಜೆ ದಿನಾನೂ ಓಡಿಸಿದ್ವಿ. ಅದಾದ ಮೇಲೇ ಅವಳಿಗೆ ಉಬ್ಬಸ ಜೋರಾಗಿದ್ದು. ಅವಳ ಹೆಸರಲ್ಲಿ ಹರಕೆ ಹೇಳ್ಕೊಂಡಿದೀನಿ” ಎಂದ ತಿಮ್ಮಯ್ಯ.

“ಕೊಳಚೆ?” ಎಂದ ಪದ್ಮನಾಭ.

“ಎರಡು ದಿನ ನೇರವಾಗಿ ಹಳ್ಳಕ್ಕೆ ಹೋಗುತ್ತೆ. ಹಳ್ಳಕ್ಕೇನು, ಅಭ್ಯಾಸ” ಎಂದ ವೆಂಕಟಗಿರಿ. “ಹೆಂಡ್ತಿಗೂ ವರ್ಷಕ್ಕೊಂದು ಸಲ ತವರಿಗೆ ಹೋಗೋಕೆ ಬಿಡ್ತಾರೆ ಸಾರ್. ನಿಮಗಿನ್ನೂ ಮದುವೆ ಆಗಿಲ್ಲ, ಗೊತ್ತಾಗಲ್ಲ.”

ಪದ್ಮನಾಭನ ಜೇಬಿನ ಡೈರಿಯಲ್ಲಿ ಆ ತಾರೀಕಿನ ಸುತ್ತ ಗೆರೆ ಇತ್ತು. ಇವತ್ತೇ ನೀರು ಕಟ್ಟಬೇಕು ಎಂಬ ಮಾತು ಗಂಟಲವರೆಗೆ ಬಂತು. ತಿಮ್ಮಯ್ಯನ ಕೈ ಕುಂಕುಮದಿಂದ ಕೆಂಪಾಗಿತ್ತು; ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವನು ನೋಡಿರಲಿಲ್ಲ. ಚಳಿ ಶುರುವಾಗಿದೆ, ಹುಳು ನಿಧಾನವಾಗಿ ಬೆಳೆಯಬಹುದು ಎಂದು ತನಗೆ ತಾನೇ ಹೇಳಿಕೊಂಡ. ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

“ಸಾರ್ ಸುಮ್ನಿದ್ರೆ ಹೂಂ ಅಂತಾನೇ ಲೆಕ್ಕ” ಎಂದ ವೆಂಕಟಗಿರಿ. ತಿಮ್ಮಯ್ಯ ಕಾಯಿ ಎತ್ತಿ ಒಡೆದ.

ಮಾರನೆಯ ದಿನ ಪದ್ಮನಾಭ ಮನೆಯಲ್ಲೇ ಉಳಿದ. ಯಾರೋ ಬನ್ನಿ ತಂದುಕೊಟ್ಟರು, ಇಸಿದುಕೊಂಡ. ಅದರ ಮರುದಿನ ಹೊತ್ತಿಗೆ ಮುಂಚೆ ಸೈಕಲ್ ತುಳಿದು ಬಂದಾಗ ಸುತ್ತುಗೋಡೆಯ ಮೇಲೆ ಬೂದು ಕಂಬಳಿ ಹಾಸಿದಂತೆ ನುಸಿ ಕೂತಿತ್ತು. ಹತ್ತಿರ ಹೋಗುತ್ತಲೇ ಕಂಬಳಿ ಎದ್ದು ಅವನ ಬಾಯಿ ಮೂಗಿಗೆ ನುಗ್ಗಿತು.

ಪಂಪು ಬಿಡಲು ವೆಂಕಟಗಿರಿಗೆ ಕೂಗಿ ಹೇಳಿ ಬೇಲಿ ದಾಟಿ ಓಡಿದ. ತಿಮ್ಮಯ್ಯ ಬಾಗಿಲಿಗೆ ಒದ್ದೆ ಸೀರೆ ಕಟ್ಟಿದ್ದ. ಒಳಗೆ ಮುನಿತಾಯಮ್ಮ ಎರಡೂ ಅಂಗೈ ನೆಲಕ್ಕೂರಿ, ಕತ್ತು ಮುಂದೆ ಚಾಚಿ ಕೂತಿದ್ದಳು. ಅವಳ ಬೆವರಿಗೆ ನುಸಿ ಅಂಟಿತ್ತು. ಇವನನ್ನು ನೋಡಿದಳು, ಗುರುತು ಹಿಡಿದಳೋ ಇಲ್ಲವೋ. ಆಸ್ಪತ್ರೆಗೆಂದು ಇಟ್ಟಿಗೆ ಲಾರಿಯೊಂದನ್ನು ಅಡ್ಡಗಟ್ಟಿ ಅವಳನ್ನು ಹತ್ತಿಸಿಕೊಂಡರು. ಕೆಂಗೇರಿ ಮುಟ್ಟುವ ಮೊದಲೇ ಉಸಿರಿನ ಸಿಳ್ಳು ನಿಂತಿತು.

ತಿಥಿ ಮುಗಿಸಿ ತಿಮ್ಮಯ್ಯ ಕೆಲಸಕ್ಕೆ ಬಂದ. ತಲೆ ಬೋಳಾಗಿತ್ತು. ಮಧ್ಯಾಹ್ನದವರೆಗೂ ತೋಳುಗಳ ತೂತಿಗೆ ಸಿಕ್ಕಿಕೊಂಡ ಕಸವನ್ನು ಕಡ್ಡಿಯಿಂದ ಕೆದಕಿ ತೆಗೆದ. ಆಮೇಲೆ ಪದ್ಮನಾಭನ ಕೋಣೆಯ ಬಾಗಿಲಲ್ಲಿ ನಿಂತ.

“ಪೂಜೆ ದಿನ ಎಂಟನೇದು ಅಲ್ವಾ ಸಾರ್?”

“ಹೌದು.”

“ನಿಮಗೆ ನೆನಪಿತ್ತಾ?”

ಮರೆತಿದ್ದೆ ಅಂದುಬಿಟ್ಟರೆ ಆಗಿಹೋಗುತ್ತಿತ್ತು. ತಪ್ಪು ಇಬ್ಬರ ನಡುವೆ ಹಂಚಿಹೋಗುತ್ತಿತ್ತು. ಪದ್ಮನಾಭ ಮೇಜಿನ ಮೇಲಿನ ಗಾಜಿನ ನಳಿಕೆಗಳನ್ನು ನೋಡಿದ.

“ಇತ್ತು.”

ತಿಮ್ಮಯ್ಯ ತಲೆಯಾಡಿಸಿದ. “ನಂಗೂ ಇತ್ತು. ನೀವು ಓದಿದೋರು, ಒಂದು ಮಾತೂ ಆಡಲಿಲ್ಲ. ಏನೂ ಆಗಲ್ಲ, ಅದಕ್ಕೇ ಸುಮ್ನಿದಾರೆ ಅಂದ್ಕೊಂಡೆ. ಬೇಡ ಅಂದಿದ್ರೆ ಬೈಕೊಂಡಾದ್ರೂ ನೀರು ಕಟ್ತಿದ್ದೆ.”

“ತಿಮ್ಮಯ್ಯಾ...”

“ಈಗ ಬೇಡ ಸಾರ್.”

ಅವನು ತಿರುಗಿ ಫಿಲ್ಟರಿನ ಕಡೆ ನಡೆದ. ಮೆಟ್ಟಿಲಿಳಿದು, ವಾಲ್ವಿನ ಚಕ್ರ ಎರಡೂ ಕೈಯಲ್ಲಿ ಹಿಡಿದು, ಮುಚ್ಚಲು ತಿರುಗಿಸತೊಡಗಿದ. ವೆಂಕಟಗಿರಿ ಹಿಂದಿನ ಸಲ ನೀರು ಕಟ್ಟಿ ಐದು ದಿನವಷ್ಟೇ ಆಗಿತ್ತು. ಪದ್ಮನಾಭ ಅದನ್ನು ಹೇಳಲಿಲ್ಲ.